ಸೈಕಲ್ ಕಂಬಿಗೆ ಎರಡು ಅಂಕ

ತಾಷ್ಕೆಂಟಿನಿಂದ ಬಂದ ಆ ಕಾಗದವನ್ನು ಮೂರು ಸಲ ಓದಿದ್ದೇನೆ. ಹನ್ನೊಂದು ಪುಟ. ನಮ್ಮ ಚೋರ್‌ತುತ್ ಮಹಲ್ಲಾದ, ಅಂದರೆ ಕೇರಿಯ, ಶಿಶುವಿಹಾರ ಇನ್ನು ಮುಂದೆ ‘ಹಸಿರು ಕಟ್ಟಡ’ ಅಂತ ಅದರಲ್ಲಿ ಬರೆದಿದೆ. ಕಿಟಕಿ ಎಷ್ಟು ಅಗಲ, ನಲ್ಲಿಯಲ್ಲಿ ನಿಮಿಷಕ್ಕೆ ಎಷ್ಟು ನೀರು ಬೀಳುತ್ತದೆ, ಕಸದ ಡಬ್ಬಿಗೆ ಯಾವ ಯಾವ ಬಣ್ಣ, ಎಲ್ಲ ಇದೆ. ಸೈಕಲ್ ನಿಲ್ಲಿಸುವ ಕಬ್ಬಿಣದ ಕಂಬಿಯ ಬಗ್ಗೆಯೇ ಅರ್ಧ ಪುಟ ಇದೆ. ಆ ಕಂಬಿಗೆ ಇವತ್ತಿನವರೆಗೆ ಒಂದು ಸೈಕಲ್ಲೂ ಒರಗಿಲ್ಲ; ಹೆಂಗಸರು ಅದರ ಮೇಲೆ ಮಕ್ಕಳ ಕಂಬಳಿ ಒಣಹಾಕುತ್ತಾರೆ. ಅದಕ್ಕೆ ಎರಡು ಅಂಕ. ಆ ಶಿಶುವಿಹಾರದ ಗೋಡೆ ಎಬ್ಬಿಸಿದ ಮನುಷ್ಯನ ಹೆಸರು ಹನ್ನೊಂದು ಪುಟದಲ್ಲಿ ಒಂದು ಕಡೆಯೂ ಇಲ್ಲ. ಕೇಳಿದ್ದಕ್ಕೆ, ಸಂಸ್ಥೆಯದಲ್ಲದೆ ಒಬ್ಬ ಮನುಷ್ಯನ ಹೆಸರು ಬರೆಯಲು ಅದರಲ್ಲಿ ಜಾಗವೇ ಇಲ್ಲವಂತೆ. ಅಲ್ಲಿ ಜಾಗ ಇಲ್ಲದಿದ್ದರೆ ಇಲ್ಲಿದೆ. ನಾನು ಬರೆಯುತ್ತೇನೆ.

ಅವರ ಹೆಸರು ತೊಖ್ತಸಿನ್. ನಿಲ್ಲಲಿ ಅಂತ ಅರ್ಥ. ಮೊದಲ ಮೂರು ಕೂಸು ಕೈಗೆ ದಕ್ಕದೆ ಹೋದ ಮೇಲೆ ನಾಲ್ಕನೆಯದಕ್ಕೆ ತಾಯಿ ಇಟ್ಟ ಹೆಸರು. ನಿಂತರು. ಈಗ ಅರವತ್ತಾರು. ಅಪ್ಪ ಮಣ್ಣಿನ ಗೋಡೆಯವರು, ಅಜ್ಜನೂ ಅದೇ. ಹನ್ನೆರಡನೇ ವಯಸ್ಸಿಗೆ ಕೆಸರು ತುಳಿಯಲು ಇಳಿದವರು ಇವತ್ತಿಗೂ ಹತ್ತಿ ಬಂದಿಲ್ಲ. ನಮ್ಮೂರು ಕೋಕಂದಿನಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಉಸ್ತಾ, ಕಸುಬಿನ ಗುರು, ಅಂದರೆ ಸಾಕು, ಮನೆ ತೋರಿಸುತ್ತಾರೆ.

ನನ್ನ ಹೆಸರು ಕಂಬರಲಿ; ಅವರ ಹತ್ತಿರ ಸೇರಿದಾಗ ನನಗೆ ಇಪ್ಪತ್ತೊಂದು. ಎಂಟನೇ ತರಗತಿಗೆ ಶಾಲೆ ಬಿಟ್ಟು, ಹತ್ತಿ ಗೋದಾಮಿನಲ್ಲಿ ಮೂಟೆ ಹೊತ್ತು, ಅಲ್ಲಿ ಮೇಸ್ತ್ರಿಯ ಮೂಗಿಗೆ ಗುದ್ದಿ ಕೆಲಸ ಕಳಕೊಂಡು ಬಂದಿದ್ದೆ. ಉಸ್ತಾ ಗೋಡೆಯ ಮೇಲೆ ಕೂತಿದ್ದರು, ಇಳಿಯಲಿಲ್ಲ.

‘ಯಾಕೋ ಗುದ್ದಿದೆ?’

‘ಬೈದ.’

‘ಸರಿ. ಆ ಸಿಟ್ಟನ್ನ ಕಾಲಿಗಿಳಿಸು. ಹೋಗು, ಕೆಸರು ತುಳಿ.’

ಮೂವತ್ತು ವರ್ಷ ತುಳಿದೆ. ಸಿಟ್ಟು ಪೂರ್ತಿ ಇಳಿದಿಲ್ಲ, ಆದರೆ ಇಷ್ಟು ವರ್ಷದಲ್ಲಿ ಮಣ್ಣು ಗೊತ್ತಾಯಿತು. ಉಸ್ತಾ ಮಣ್ಣನ್ನು ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿ ನೋಡುವವರು. ಉಪ್ಪಿದ್ದರೆ ಉಗಿದು, ಗುದ್ದಲಿ ಹೆಗಲಿಗೇರಿಸಿ, ಮನೆಯವನು ಎಷ್ಟು ಗೋಗರೆದರೂ ಹೊರಟುಬಿಡುವವರು. ಒಳ್ಳೆ ಮಣ್ಣಾದರೆ ಗೋಧಿ ಹುಲ್ಲು ಬೆರೆಸಿ, ತುಳಿದು, ಮೂರು ದಿನ ಮುಚ್ಚಿಟ್ಟು ಹದ ಬರಿಸಬೇಕು. ಆಮೇಲೆ ಕೈಯಲ್ಲಿ ಕಲ್ಲಂಗಡಿಯಷ್ಟು ದೊಡ್ಡ ಉಂಡೆ ಮಾಡಿ, ಪೋಪ್ಲರ್ ಮರದ ಕಂಬಗಳ ಎರಡು ಸಾಲಿನ ನಡುವೆ ಒಂದೊಂದಾಗಿ ಕೂರಿಸಬೇಕು. ಭೂಮಿ ನಡುಗಿದರೆ ಆ ಗೋಡೆ ಕಿರಗುಟ್ಟುತ್ತದೆ, ತೂಗುತ್ತದೆ, ಬೀಳುವುದಿಲ್ಲ. ಬೇಸಿಗೆಯಲ್ಲಿ ಒಳಗೆ ಕಾಲಿಟ್ಟರೆ ಬೆವರು ಆರುತ್ತದೆ. ಚಳಿಗಾಲದಲ್ಲಿ ಒಂದು ಬುಟ್ಟಿ ಕಲ್ಲಿದ್ದಲಿಗೆ ಮನೆಯೆಲ್ಲ ಬೆಚ್ಚಗೆ. ಒಂದೇ ಒಂದು ಶರತ್ತು: ಸಿಮೆಂಟ್ ಮುಟ್ಟಿಸಬಾರದು. ಸಿಮೆಂಟ್ ಬಳಿದ ಮಣ್ಣಿನ ಗೋಡೆ ಒಳಗೊಳಗೇ ಬೆವತು ಐದಾರು ವರ್ಷಕ್ಕೆ ಮರ ಕೊಳೆಯುತ್ತದೆ. ಸಿಮೆಂಟ್ ಚೀಲ ಹೊತ್ತು ಬಂದವನನ್ನು ಉಸ್ತಾ ಬಾಗಿಲಲ್ಲೇ ನಿಲ್ಲಿಸಿ, ‘ಸತ್ತವರು ಯಾರಪ್ಪ, ಸಮಾಧಿ ಎಲ್ಲಿ ಕಟ್ಟಬೇಕು?’ ಅಂತ ಕೇಳುತ್ತಿದ್ದರು.

ನಾನು ಸೇರಿದ ವರ್ಷವೇ ಅವರಿಗೆ ಮಗಳು ಹುಟ್ಟಿದಳು. ಅಂಜಿರತ್. ಅವಳಾದ ಮೇಲೆ ಬೇರೆ ಮಕ್ಕಳಾಗಲಿಲ್ಲ.

ನಮ್ಮಲ್ಲಿ ಗಂಡು ಹುಟ್ಟಿದರೆ ಅಪ್ಪ ಕಾಲುವೆ ದಂಡೆಯಲ್ಲಿ ಪೋಪ್ಲರ್ ನೆಡುತ್ತಾನೆ. ಹುಡುಗ ಮದುವೆ ವಯಸ್ಸಿಗೆ ಬರುವ ಹೊತ್ತಿಗೆ ಮರವೂ ತೊಲೆಯಷ್ಟಾಗಿರುತ್ತದೆ. ಕಡಿದು ಅವನಿಗೆ ಮನೆ. ಹೆಣ್ಣು ಹುಟ್ಟಿದರೆ ಯಾರೂ ನೆಡುವುದಿಲ್ಲ. ಅವಳ ತೊಲೆ ಬೇರೆಯವರ ಕಾಲುವೆ ದಂಡೆಯಲ್ಲಿ ಬೆಳೆಯುತ್ತಿರುತ್ತದೆ, ಅಷ್ಟೆ. ಉಸ್ತಾ ನಲವತ್ತು ಸಸಿ ನೆಟ್ಟರು. ಗುಂಡಿ ತೋಡಿದವನು ನಾನೇ. ಮಾರನೆ ದಿನ ಚಾಯ್‌ಖಾನೆಯಲ್ಲಿ ಮಮಸೋಲಿ ಎಲ್ಲರ ಮುಂದೆ ಶುರು ಮಾಡಿದ. ಆಗ ಅವನಿನ್ನೂ ಮಹಲ್ಲಾದ ಅಕ್ಸಕಾಲ, ಅಂದರೆ ಯಜಮಾನ, ಆಗಿರಲಿಲ್ಲ. ಗಂಟಲು ಮಾತ್ರ ಆಗಲೇ ಯಜಮಾನನದು.

‘ಹೆಣ್ಣಿಗೆ ತೊಟ್ಟಿಲು ಸಾಕಲ್ಲ ಉಸ್ತಾ, ತೊಲೆ ಯಾಕೆ?’

‘ಅವಳ ತಲೆ ಮೇಲೆ ಸೂರು ಬೇಡ್ವಾ? ನಿನ್ನ ಟೋಪಿ ಕೊಡ್ತೀಯಾ?’ ಅಂದರು ಉಸ್ತಾ.

ಚಾಯ್‌ಖಾನೆ ಉರುಳಾಡಿ ನಕ್ಕಿತು. ಆದರೆ ಮಮಸೋಲಿ ಚಾಲಾಕು. ಅದೇ ಮಾತನ್ನು ಎತ್ತಿಕೊಂಡು, ಉಸ್ತಾ ಹೇಳಿದ ಭಾಗವನ್ನು ಬಿಟ್ಟು, ತನ್ನ ಭಾಗವನ್ನು ಮಾತ್ರ ತಮಾಷೆ ಮಾಡಿಕೊಂಡ. ಯಾರ ಮದುವೆಯಾದರೂ ಸರಿ, ಪಲಾವ್ ತಟ್ಟೆ ಬರುವ ಮುಂಚೆ ಎದ್ದು ನಿಂತು, ‘ನಮ್ಮ ಮಹಲ್ಲಾದಲ್ಲೊಬ್ಬ ಉಸ್ತಾ ಇದಾನೆ, ಹೆಣ್ಣು ಹುಟ್ಟಿದ್ದಕ್ಕೆ ನಲವತ್ತು ಪೋಪ್ಲರ್ ನೆಟ್ಟ,’ ಅಂತ ತೆಗೆಯುತ್ತಿದ್ದ. ನನ್ನ ಮದುವೆಯಲ್ಲೂ ಹೇಳಿದ. ಉಸ್ತಾ ಎದುರಿಗೇ ಕೂತು ರೊಟ್ಟಿ ಮುರಿಯುತ್ತಿದ್ದರು. ತಲೆ ಎತ್ತಲಿಲ್ಲ.

ಅಂಜಿರತ್ ಮಕ್ಕಳಿಗೆ ಪಾಠ ಹೇಳುವುದನ್ನು ಕಲಿತಳು. ಮದುವೆಯಾಗಿ ರಿಶ್ತಾನಿಗೆ ಹೋದಳು. ಇಪ್ಪತ್ತಾರಕ್ಕೆ ಒಂದು ಪೆಟ್ಟಿಗೆ ಹಿಡಕೊಂಡು ವಾಪಸ್ ಬಂದಳು. ಏನಾಯಿತು ಅಂತ ಅವಳು ಹೇಳಲಿಲ್ಲ, ಅಪ್ಪ ಕೇಳಲಿಲ್ಲ. ಒಂದು ವಾರ ಬಿಟ್ಟು ಅವಳೇ ಬಾಯಿ ತೆಗೆದಳು.

‘ಅಪ್ಪಾ, ನನ್ನ ಮರ ನನಗೆ ಕೊಡಿ.’

‘ನಿಂದೇ. ಕೇಳೋದೇನು? ಮನೆ ಎಲ್ಲಿ ಕಟ್ಟಲಿ?’

‘ಮನೆ ಬೇಡ. ನಮ್ಮ ಹೆಂಗಸರು ಬೆಳಿಗ್ಗೆ ಹೊಲಿಗೆ ಕಾರ್ಖಾನೆಗೆ ಹೋಗುವಾಗ ಮಕ್ಕಳನ್ನ ಒಳಗೆ ಕೂಡಿ ಬೀಗ ಹಾಕ್ಕೊಂಡು ಹೋಗ್ತಾರೆ. ಶಿಶುವಿಹಾರ ಕಟ್ಟಿಕೊಡಿ.’

ಆ ಚಳಿಗಾಲದಲ್ಲಿ, ಮರದ ರಸ ಇಳಿದ ಮೇಲೆ, ನಲವತ್ತನ್ನೂ ಕಡಿದೆವು. ಎರಡು ಬೇಸಿಗೆ ಹಶರ್ ನಡೆಯಿತು: ಮಹಲ್ಲಾದವರೆಲ್ಲ ಕೂಲಿಯಿಲ್ಲದೆ ಬಂದು ದುಡಿಯುವುದು. ಒಬ್ಬಳು ಹುಲ್ಲು ತಂದಳು, ಒಬ್ಬ ಕತ್ತೆಗಾಡಿ ತಂದ, ಸಾರಾಖಾನ್ ಅಜ್ಜಿ ಎರಡು ಬೇಸಿಗೆಯೂ ಐವತ್ತು ಜನಕ್ಕೆ ಸಾರು ಕುದಿಸಿದಳು. ಮಣ್ಣು ಅಂಗಳದಿಂದಲೇ ತೆಗೆದೆವು. ತೆಗೆದ ಹೊಂಡವನ್ನು ಉಸ್ತಾ ಕೊಳ ಮಾಡಿದರು, ಮಾಡಿನ ನೀರು ಅದಕ್ಕೆ ಬರುತ್ತದೆ. ಕೊಳದ ಸುತ್ತ ಬೇಲಿ. ಒಳಗೆ ನಲವತ್ತಮೂರು ಮಕ್ಕಳು. ಸಾರಾಖಾನ್ ಅಜ್ಜಿಯೇ ಅಡುಗೆಯವಳು.

ಇದೆಲ್ಲ ಆಗಿ ಎರಡು ವರ್ಷ ಸುಖವಾಗಿತ್ತು. ಆಮೇಲೆ ಪಟ್ಟಣದ ಕಟ್ಟಡ ಕಚೇರಿಯಿಂದ ಕಾಗದ ಬಂತು. ಮಕ್ಕಳು ಕೂರುವ ಕಟ್ಟಡಕ್ಕೆ ಮಣ್ಣಿನ ಗೋಡೆ ನಿಯಮದಲ್ಲಿ ಇಲ್ಲ. ಮಾರ್ಚಿನ ನವ್ರೂಜ್ ಹಬ್ಬದೊಳಗೆ ಕೆಡವಬೇಕು. ನಾನು ಆ ಕಚೇರಿಗೆ ಹೋಗಿ ಏನೇನು ಅಂದೆ ಅನ್ನುವುದನ್ನು ಇಲ್ಲಿ ಬರೆಯಲು ಬರುವುದಿಲ್ಲ. ಹೊರಗೆ ಹಾಕಿದರು. ಅಂಜಿರತ್ ನನ್ನ ಹಾಗಲ್ಲ. ಕೂತು ಇಡೀ ನಿಯಮ ಓದಿ, ಕೊನೆಯಲ್ಲಿ ಒಂದು ಸಾಲು ಹುಡುಕಿದಳು. ಕಟ್ಟಡಕ್ಕೆ ‘ಹಸಿರು ಕಟ್ಟಡ’ ಅನ್ನುವ ಪ್ರಮಾಣಪತ್ರ ಇದ್ದರೆ, ಗೋಡೆ ಯಾವುದರದ್ದಾದರೂ ಬಿಡಬಹುದು. ನೂರಕ್ಕೆ ನಲವತ್ತು ಅಂಕ ಬಂದರೆ ಪತ್ರ. ಅರ್ಜಿ ಹಾಕಿದಳು. ಅಕ್ಟೋಬರಿನ ಒಂದು ಗುರುವಾರ ಬೆಳಿಗ್ಗೆ ಹತ್ತಕ್ಕೆ ತಾಷ್ಕೆಂಟಿನಿಂದ ತಪಾಸಣೆಗೆ ಬರುತ್ತೇವೆ ಅಂತ ಉತ್ತರ ಬಂತು. ಅಂಕ ಬಂದರೆ ಕಟ್ಟಡ ಉಳಿಯುತ್ತದೆ. ಬರದಿದ್ದರೆ ಬುಲ್ಡೋಜರ್.

ಆ ವಾರದ ಭಾನುವಾರ ನಮಂಗಾನಿನಲ್ಲಿದ್ದ ಉಸ್ತಾರ ತಂಗಿ ತೀರಿಕೊಂಡರು. ಅಪ್ಪ ಮಗಳು ಇಬ್ಬರೂ ಹೋದರು. ಬುಧವಾರ ಬರುತ್ತೇವೆ, ಅಂಗಳ ಗುಡಿಸಿಡು ಅಂತ ನನಗೆ ಹೇಳಿ ಹೋದರು. ಗುಡಿಸಿಡು ಅಂದರು. ಅಷ್ಟೇ ಅಂದಿದ್ದು.

ಸೋಮವಾರ ಬೆಳಿಗ್ಗೆ ಮಮಸೋಲಿ ಅಕ್ಸಕಾಲ ಒಂದು ಲಾರಿ ಸಿಮೆಂಟ್ ತಂದು ಇಳಿಸಿದ.

‘ರಾಜಧಾನಿಯಿಂದ ಅತಿಥಿ ಬರ್ತಿದಾರೆ. ಮಣ್ಣಿನ ಗೋಡೆ ತೋರಿಸ್ತೀವಾ? ಮಹಲ್ಲಾದ ಮಾನ ಏನಾಗಬೇಕು?’

‘ಉಸ್ತಾ ಬರಲಿ,’ ಅಂದೆ ನಾನು.

‘ಉಸ್ತಾ ದುಃಖದಲ್ಲಿದಾರೆ. ಅವರು ಬರೋದ್ರೊಳಗೆ ನಾವು ಮಾಡಿಟ್ಟರೆ ಅವರ ಮನಸ್ಸಿಗೂ ಹಗುರ. ಏನು ಕಂಬರಲಿ, ಇಷ್ಟು ವರ್ಷ ಉಸ್ತಾನ ಉಪ್ಪು ತಿಂದು ಅತಿಥಿ ಮುಂದೆ ಅವರನ್ನ ಕುರಿ ಹಟ್ಟಿಯಲ್ಲಿ ನಿಲ್ಲಿಸ್ತೀಯಾ?’

ಈ ಮಾತು ನನಗೆ ತಾಗಿತು. ತಾಗಬಾರದಿತ್ತು. ನಮ್ಮ ಜನ ಹೀಗೆಯೇ. ಅತಿಥಿ ಬರುತ್ತಾನೆ ಅಂದರೆ ಹಳೇ ಹಾಸಿಗೆ ಅಡಗಿಸುತ್ತೇವೆ, ಮರದ ಬುಡಕ್ಕೆಲ್ಲ ಸುಣ್ಣ ಬಳಿಯುತ್ತೇವೆ, ಮಣ್ಣು ಕಂಡ ಕಡೆಯೆಲ್ಲ ಮುಚ್ಚುತ್ತೇವೆ. ಮಣ್ಣು ಅಂದರೆ ನಮಗೆ ನಾಚಿಕೆ, ಪ್ಲಾಸ್ಟಿಕ್ ಅಂದರೆ ಮರ್ಯಾದೆ. ತಪಾಸಣೆಗೆ ಬರುವವಳು ಮಣ್ಣನ್ನೇ ನೋಡಲು ಬರುತ್ತಿದ್ದಾಳೆ ಅನ್ನುವುದು ಅಲ್ಲಿದ್ದ ಅರವತ್ತು ತಲೆಯಲ್ಲಿ ಒಂದಕ್ಕೂ ಹೊಳೆಯಲಿಲ್ಲ. ನನ್ನ ತಲೆಯೂ ಅದರಲ್ಲಿ ಒಂದು. ಎರಡು ದಿನ ಹಶರ್ ಮಾಡಿ, ಎರಡು ಬೇಸಿಗೆಯ ಹಶರನ್ನು ಮುಚ್ಚಿದೆವು. ನಾಲ್ಕೂ ಗೋಡೆಗೆ ಹೊರಗಿನಿಂದ ಬೆರಳು ದಪ್ಪ ಸಿಮೆಂಟ್ ಗಿಲಾವು. ಅದರ ಮೇಲೆ ಗುಲಾಬಿ ಬಣ್ಣ. ಕೊಳದ ಬೇಲಿಗೆ ಪ್ಲಾಸ್ಟಿಕ್ ಹೂವು. ಸೈಕಲ್ ಕಂಬಿ ಇದ್ದರೆ ಅಂಕ ಸಿಗುತ್ತೆ ಅಂತ ಮಮಸೋಲಿಗೆ ಯಾರೋ ಹೇಳಿದ್ದರಂತೆ, ಅದನ್ನೂ ತಂದು ಹೂಳಿಸಿದ. ಕರಣೆ ಹಿಡಿದು ಉತ್ತರದ ಗೋಡೆಗೆ ಗಿಲಾವು ಬಳಿದವನು ನಾನು.

ಬುಧವಾರ ಮಧ್ಯಾಹ್ನ ಉಸ್ತಾ ಬಂದರು. ಬಾಗಿಲಲ್ಲಿ ನಿಂತು ನೋಡಿದರು. ಆಮೇಲೆ ಹತ್ತಿರ ಹೋಗಿ ಅಂಗೈಯನ್ನು ಗೋಡೆಗೆ ಒತ್ತಿ ಹಿಡಿದರು, ಜ್ವರ ಬಂದ ಮಗುವಿನ ಹೊಟ್ಟೆ ಮುಟ್ಟುವ ಹಾಗೆ.

‘ಯಾರು?’

ಮಮಸೋಲಿ ನಗುನಗುತ್ತ ಮುಂದೆ ಬಂದ. ‘ನಿಮಗೆ ಹೇಳದೆ ಮಾಡಿದ್ವಿ ಉಸ್ತಾ, ಸಂತೋಷ ಆಗ್ಲಿ ಅಂತ.’

ಉಸ್ತಾ ಅವನನ್ನು ನೋಡಲೇ ಇಲ್ಲ. ‘ಕಂಬರಲಿ, ಕೈ ತೋರಿಸು.’

ತೋರಿಸಿದೆ. ಸಿಮೆಂಟ್ ತಿಂದ ಬೆರಳು, ಒಡೆದು ಬಿಳಿ ಬಿಳಿಯಾಗಿತ್ತು. ಮಣ್ಣು ಕಲಸಿದ ಕೈ ಹಾಗಾಗುವುದಿಲ್ಲ.

‘ಮೂವತ್ತು ವರ್ಷ ಏನು ಕಲ್ತೆ ನನ್ನ ಹತ್ರ?’

‘ಹೊಡೀರಿ ಉಸ್ತಾ,’ ಅಂದೆ.

‘ಹೊಡೆದರೆ ಸಿಮೆಂಟ್ ಉದುರುತ್ತಾ? ಬಾಚಿ ತಾ.’

ಅಪ್ಪ, ಮಗಳು, ನಾನು. ಮೂರು ಬಾಚಿ. ಮರಕ್ಕೂ ಮಣ್ಣಿಗೂ ಗಾಯವಾಗದ ಹಾಗೆ ಒಂದೊಂದೇ ಚಕ್ಕೆ ಎಬ್ಬಿಸಬೇಕು. ಮಮಸೋಲಿ ಹಿಂದೆ ನಿಂತು ಕೂಗಾಡಿದ: ಇಡೀ ಮಹಲ್ಲಾದ ಬೆವರಿಗೆ ಮಣ್ಣು ಹಾಕ್ತಿದೀರಿ, ನನ್ನ ಮುಖಕ್ಕೆ ಉಗೀತಿದೀರಿ, ನಾಳೆ ಅತಿಥಿ ಮುಂದೆ ನಾನು ಎಲ್ಲಿ ಮುಖ ಇಟ್ಕೊಳ್ಲಿ. ಉಸ್ತಾ ಒಂದೇ ಮಾತು ಅಂದರು. ‘ಮಮಸೋಲಿ, ಸರಿದು ನಿಂತ್ಕೊ. ಚಕ್ಕೆ ತಾಗುತ್ತೆ.’

ಕತ್ತಲಾಗುವಷ್ಟರಲ್ಲಿ ಎರಡು ಗೋಡೆ, ಮಾರನೆ ಬೆಳಿಗ್ಗೆ ಮೂರನೆಯದು ಬಿಚ್ಚಿತು. ನಾನು ಬಳಿದ ಉತ್ತರದ ಗೋಡೆ ಗುಲಾಬಿಯಾಗಿಯೇ ಉಳಿಯಿತು. ಒಳ್ಳೆ ಗಟ್ಟಿಯಾಗಿ ಬಳಿದಿದ್ದೆ, ಏನು ಹೇಳಲಿ.

ಹತ್ತಕ್ಕೆ ಸರಿಯಾಗಿ ತಪಾಸಣೆಯ ಹೆಂಗಸು ಬಂದಳು. ಸೇವಾರ ಅಂತ ಹೆಸರು, ಮೂವತ್ತೈದರ ಆಸುಪಾಸು. ಒಂದು ಕಡೆ ಮಮಸೋಲಿ ರೇಷ್ಮೆ ನಿಲುವಂಗಿ ಹಾಕಿಕೊಂಡು ಅತಿಥಿಗೆ ಕೊಡುವ ರೊಟ್ಟಿ, ಉಪ್ಪು ಹಿಡಿದು ನಿಂತಿದ್ದ. ಇನ್ನೊಂದು ಕಡೆ ಸಿಮೆಂಟ್ ಚಕ್ಕೆಯ ರಾಶಿ, ಅದರ ಪಕ್ಕ ತಲೆಯಿಂದ ಕಾಲಿನವರೆಗೆ ಧೂಳಾದ ನಾವು ಮೂವರು. ಅವಳು ರೊಟ್ಟಿಯ ಚೂರು ಬಾಯಿಗೆ ಹಾಕಿಕೊಂಡು ರಾಶಿಯ ಕಡೆ ನೋಡಿದಳು.

‘ಇದೇನು?’

‘ನಿಮಗೆ ಮಾಡಿದ ಮರ್ಯಾದೆ ಓಪಾ,’ ಅಂದರು ಉಸ್ತಾ; ಓಪಾ ಅಂದರೆ ಅಕ್ಕ, ಗೌರವಕ್ಕೆ ಅನ್ನುವುದು. ‘ಕಿತ್ತು ಹಾಕ್ತಿದೀವಿ.’

ಕೆಟ್ಟವಳಲ್ಲ ಅವಳು. ಪಿಸ್ತೂಲಿನಂಥ ಒಂದು ಯಂತ್ರ ಇತ್ತು, ಗೋಡೆಗೆ ಗುರಿಯಿಟ್ಟರೆ ಬಿಸಿ ಎಷ್ಟು, ತಂಪು ಎಷ್ಟು ಅಂತ ತೋರಿಸುತ್ತದೆ. ಒಳಗೆ ಹೊರಗೆ ಹಿಡಿದು ನೋಡಿ, ‘ಇಷ್ಟು ಒಳ್ಳೆ ಗೋಡೆ ನಾನು ನೋಡಿಲ್ಲ,’ ಅಂದಳು. ನನಗೆ ಜೀವ ಬಂತು. ಅದೇ ಉಸಿರಿನಲ್ಲಿ ಕೇಳಿದಳು, ‘ಮಣ್ಣು ಎಲ್ಲಿಂದ ತಂದ್ರಿ?’

‘ನೀವು ನಿಂತಿರೋ ಕಡೆಯಿಂದ ಹತ್ತು ಹೆಜ್ಜೆ,’ ಅಂದರು ಉಸ್ತಾ.

‘ಅದಕ್ಕೆ ಕಾಗದ ಇದೆಯಾ?’

‘ಹೊಂಡ ಇದೆ.’

‘ಹೊಂಡ ಸೇರಿಸೋಕೆ ಬರಲ್ಲ ಉಸ್ತಾ. ತಯಾರು ಮಾಡಿದವರ ಕಾಗದ ಬೇಕು, ಪರಿಸರಕ್ಕೆ ಇದರಿಂದ ಎಷ್ಟು ಹಾನಿ ಅಂತ ಬರೆದದ್ದು. ಈ ಮಣ್ಣನ್ನ ತಯಾರು ಮಾಡಿದ್ದು ಯಾರು?’

‘ದೇವರು. ಸಹಿ ಹಾಕಿಸ್ಕೊಂಡು ಬರ್ಲಾ?’

ಅವಳು ನಕ್ಕಳು. ನಾನು ನಗಲಿಲ್ಲ. ಸಮುದ್ರದಾಚೆಯ ಕಾರ್ಖಾನೆಯಲ್ಲಿ ಕಲ್ಲು ಕರಗಿಸಿ ಉಣ್ಣೆಯಂತೆ ಮಾಡಿ, ಹಡಗು, ರೈಲು, ಲಾರಿ ಹತ್ತಿಸಿ ತರುತ್ತಾರಲ್ಲ, ಆ ಹಲಗೆಗೆ ಕಾಗದ ಇದೆಯಂತೆ, ಆರು ಅಂಕ ಸಿಗುತ್ತದಂತೆ. ಹತ್ತು ಹೆಜ್ಜೆ ನಡೆದು ಬಂದ ಮಣ್ಣಿಗೆ, ಅವಳಾಗಿ ಕೈಯೆತ್ತಿ ಕೊಟ್ಟಿದ್ದು ಮೂರು. ಸೈಕಲ್ ಕಂಬಿಗೆ ಎರಡು. ಮಮಸೋಲಿ ನನ್ನ ಕಡೆ ತಿರುಗಿ ಗಡ್ಡ ಸವರಿಕೊಂಡ. ಆ ಗಡ್ಡವನ್ನು ಆ ಕಂಬಿಗೇ ಕಟ್ಟಬೇಕು ಅನ್ನಿಸಿತು.

ನೀರಿಗೆ ಚೆನ್ನಾಗಿ ಬಂತು, ಗಾಳಿಗೆ ಬಂತು, ಕಲ್ಲಿದ್ದಲು ಉಳಿತಾಯಕ್ಕೆ ತುಂಬ ಬಂತು. ಪಲಾವ್ ಮುಗಿಯುವ ಹೊತ್ತಿಗೆ ನಲವತ್ತಮೂರಾಗಿತ್ತು. ಗೆದ್ದೆವು ಅಂತ ಸಾರಾಖಾನ್ ಅಜ್ಜಿ ಚಹಾ ಬಗ್ಗಿಸುತ್ತಿದ್ದಳು. ಆಗ ಸೇವಾರ ತಟ್ಟೆ ಪಕ್ಕಕ್ಕಿಟ್ಟು, ಬಿಚ್ಚಿದ ಗೋಡೆಯಲ್ಲಿ ಕಾಣುತ್ತಿದ್ದ ಕಂಬಗಳನ್ನು ತೋರಿಸಿದಳು.

‘ಮರ ಎಲ್ಲೀದು?’

‘ನನ್ನದು,’ ಅಂದಳು ಅಂಜಿರತ್.

‘ಕೊಂಡ ರಸೀದಿ? ಅರಣ್ಯ ಇಲಾಖೆ ಕಾಗದ?’

‘ಕೊಂಡಿಲ್ಲ. ನಾನು ಹುಟ್ಟಿದಾಗ ಅಪ್ಪ ನೆಟ್ಟಿದ್ದು.’

ಸೇವಾರಳ ಮುಖ ಸಣ್ಣದಾಯಿತು. ‘ಇದೊಂದು ತೊಂದರೆ ಇದೆ. ಮರ ಎಲ್ಲೀದು ಅಂತ ಸಾಬೀತಾಗದಿದ್ರೆ ಬಾಕಿ ಅಂಕ ಎಷ್ಟಿದ್ರೂ ಲೆಕ್ಕಕ್ಕಿಲ್ಲ. ಕಳ್ಳ ಮರ ಅಂತಲೇ ತಿಳೀಬೇಕು ಅನ್ನುತ್ತೆ ನಿಯಮ. ಸ್ವಂತ ನೆಟ್ಟಿದ್ದಾದರೆ ಮಹಲ್ಲಾ ಸಮಿತಿಯವರು ಬರೆದು ಸಹಿ ಹಾಕಿ ಕೊಟ್ರೆ ಸಾಕು. ಇವತ್ತೇ ಬೇಕು, ಐದಕ್ಕೆ ನನ್ನ ರೈಲು.’

ಮಹಲ್ಲಾ ಸಮಿತಿ ಅಂದರೆ ಮಮಸೋಲಿ. ಮೊಹರು ಅವನ ನಿಲುವಂಗಿಯ ಜೇಬಿನಲ್ಲೇ ಇರುತ್ತದೆ. ಎಲ್ಲರೂ ಅವನ ಕಡೆ ತಿರುಗಿದೆವು. ಅವನು ನಿಧಾನವಾಗಿ ಬಾಯಿ ಒರಸಿಕೊಂಡ.

‘ನಾನು ಸುಳ್ಳಿಗೆ ಸಹಿ ಹಾಕೋನಲ್ಲ ಓಪಾ. ನಮ್ಮಲ್ಲಿ ಪೋಪ್ಲರ್ ನೆಡೋದು ಗಂಡು ಹುಟ್ಟಿದ್ರೆ. ಉಸ್ತಾಗೆ ಗಂಡುಮಕ್ಕಳಿಲ್ಲ. ಹೆಣ್ಣಿಗೆ ಯಾರಾದ್ರೂ ನೆಡ್ತಾರಾ? ಬೇಕಾದ್ರೆ ಯಾರನ್ನಾದ್ರೂ ಕೇಳಿ.’

ನಿನ್ನೆ ಕಿತ್ತ ಒಂದೊಂದು ಸಿಮೆಂಟ್ ಚಕ್ಕೆಗೂ ಅವನು ಹೀಗೆ ತೀರಿಸಿಕೊಂಡ. ಅಂಜಿರತ್ ಅವನ ಎದುರಿಗೆ ಬಂದಳು. ‘ಅಕ್ಸಕಾಲ, ನಿಮ್ಮ ಮೊಮ್ಮಗಳೂ ಇಲ್ಲೇ ಕೂರ್ತಾಳೆ,’ ಅಂದಳು. ಅವನು ಚಹಾ ಬಟ್ಟಲಿನಲ್ಲಿ ಏನೋ ಬಿದ್ದಿದೆ ಅನ್ನುವ ಹಾಗೆ ಅದರೊಳಗೆ ನೋಡುತ್ತ ಕೂತ.

‘ಅಪ್ಪಾ, ನೀವಾದ್ರೂ ಹೇಳಿ.’

‘ಏನ್ ಹೇಳ್ಲಿ?’ ಉಸ್ತಾ ಎದ್ದು ಬಾಚಿ ಕೈಗೆ ತಗೊಂಡರು. ‘ಅವನ ಕಾಲು ಹಿಡಿದು ಕಟ್ಟಿದ್ದಲ್ಲ ಇದು. ಕಾಲು ಹಿಡಿದು ಉಳಿಸ್ಕೊಳೋದೂ ಬೇಡ. ಉತ್ತರದ ಗೋಡೆ ಬಾಕಿ ಇದೆ.’

ನಾನು ಎದ್ದು ನಿಂತಿದ್ದೆ. ಯಾವಾಗ ಎದ್ದೆ ಗೊತ್ತಿಲ್ಲ. ಮುಷ್ಟಿ ಬಿಗಿದಿತ್ತು, ಮಮಸೋಲಿಯ ಮೂಗು ಹತ್ತಿರದಲ್ಲೇ ಇತ್ತು. ಗೋದಾಮಿನ ಮೇಸ್ತ್ರಿಯ ಮೂಗಿಗಿಂತ ದೊಡ್ಡದು, ತಪ್ಪುವ ಹಾಗಿರಲಿಲ್ಲ.

‘ಕಂಬರಲಿ,’ ಅಂದರು ಉಸ್ತಾ, ತಿರುಗಿ ನೋಡದೆ. ‘ಕಾಲಿಗಿಳಿಸು.’

ನಿಂತಲ್ಲೇ ನಿಂತೆ. ಪಲಾವ್ ತಟ್ಟೆ, ಮುರಿದ ರೊಟ್ಟಿ, ನಿಲುವಂಗಿ ಹಾಕಿಕೊಂಡು ನಡುವೆ ಕೂತ ಮಮಸೋಲಿ. ಥೇಟ್ ನನ್ನ ಮದುವೆಯ ದಿನದ ಹಾಗೆಯೇ ಇತ್ತು. ಹಾಗೆ ಅನ್ನಿಸಿದ ಕೂಡಲೇ ಮುಷ್ಟಿ ಸಡಿಲವಾಯಿತು.

‘ಅಕ್ಸಕಾಲ,’ ಅಂದೆ, ‘ನನ್ನ ಮದುವೇಲಿ ನೀವೊಂದು ತಮಾಷೆ ಹೇಳಿದ್ರಿ. ಅದನ್ನ ಈ ಓಪಾಗೂ ಹೇಳಿ. ಇಷ್ಟು ದೂರದಿಂದ ಬಂದಿದಾರೆ, ನಗಲಿ.’

‘ಯಾವ ತಮಾಷೆ?’

‘ನಮ್ಮ ಮಹಲ್ಲಾದಲ್ಲೊಬ್ಬ ಉಸ್ತಾ ಇದಾನೆ.’

ಅವನ ಕಿವಿ ಕೆಂಪಾಯಿತು. ಸಾರಾಖಾನ್ ಅಜ್ಜಿ ಚಹಾ ಪಾತ್ರೆ ಕೆಳಗಿಟ್ಟಳು. ‘ಅಯ್ಯೋ, ಅದು ನನಗೇ ಬಾಯಿಪಾಠ ಆಗಿದೆ. ನನ್ನ ಮೂರು ಹೆಣ್ಣುಮಕ್ಕಳ ಮದುವೇಲೂ ಹೇಳಿದಾನೆ. ಹೆಣ್ಣು ಹುಟ್ಟಿದ್ದಕ್ಕೆ ನಲವತ್ತು ಪೋಪ್ಲರ್ ನೆಟ್ಟ, ನಾನು ಕೇಳ್ದೆ, ಹೆಣ್ಣಿಗೆ ತೊಟ್ಟಿಲು ಸಾಕಲ್ಲ ಉಸ್ತಾ, ತೊಲೆ ಯಾಕೆ.’

ಅಂಗಳದಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಶುರು ಮಾಡಿದರು. ನನ್ನ ಮದುವೇಲಿ. ನಮ್ಮ ತಮ್ಮನ ಮದುವೇಲಿ. ಹೋದ ತಿಂಗಳು ಆ ಮೂಲೆ ಮನೆಯವರ ಮದುವೇಲಿ. ಸೇವಾರ ಪೆನ್ಸಿಲ್ ಹಿಡಿದು ಅವನನ್ನೇ ನೋಡುತ್ತಿದ್ದಳು.

‘ಹಾಗಾದ್ರೆ ಅಕ್ಸಕಾಲ, ಮೂವತ್ತು ವರ್ಷದಿಂದ ಮದುವೆಗಳಲ್ಲಿ ಹೇಳಿದ್ದು ಸುಳ್ಳಾ, ಈಗ ಹೇಳ್ತಿರೋದು ಸುಳ್ಳಾ? ಒಂದನ್ನ ನಾನು ಬರ್ಕೊಬೇಕು.’

ಅಂಜಿರತ್ ಒಂದು ಸ್ಟೂಲು ತಂದು ಮಾಡಿನ ಕೆಳಗೆ ಇಟ್ಟಳು. ತೊಲೆಯ ತುದಿ ಗೋಡೆಯಿಂದ ಆಚೆ ಗೇಣಷ್ಟು ಬಂದಿರುತ್ತದೆ, ಗರಗಸ ಕೊಯ್ದ ಮುಖ. ಸೇವಾರ ಹತ್ತಿ, ಪೆನ್ಸಿಲ್ ಮೊನೆಯಿಟ್ಟು ವರ್ಷಕ್ಕೊಂದರಂತೆ ಮೂಡಿದ ಉಂಗುರ ಎಣಿಸಿದಳು, ಗಟ್ಟಿಯಾಗಿ. ಮಲಗಿದ್ದ ಮಕ್ಕಳು ಎದ್ದು ಬಂದು ಅವಳ ಜೊತೆ ತಾವೂ ಎಣಿಸಿದವು. ಅವಕ್ಕೆ ಹತ್ತರ ಮೇಲೆ ಬರುವುದಿಲ್ಲ, ಆದರೂ ಕೂಗಿದವು. ಇಪ್ಪತ್ತಾರಕ್ಕೆ ನಿಂತಿತು.

‘ಕಡಿದಾಗ ನನಗೆ ಇಪ್ಪತ್ತಾರು,’ ಅಂದಳು ಅಂಜಿರತ್.

ಮಮಸೋಲಿ ಸಹಿ ಹಾಕಿದ. ಮೊಹರಿಗೆ ಬಾಯಿಂದ ಹಬೆ ಊದಿ ಒತ್ತಿದ. ‘ಇಂಥ ವರ್ಷ ಉಸ್ತಾ ತೊಖ್ತಸಿನ್ ತನ್ನ ಮಗಳಿಗಾಗಿ ನಲವತ್ತು ಪೋಪ್ಲರ್ ನೆಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.’ ಅವನ ಕೈಯಲ್ಲೇ ಬರೆಸಿದಳು ಸೇವಾರ. ಉಸ್ತಾ ಅಲ್ಲಿರಲಿಲ್ಲ. ಹಿಂದಿನಿಂದ ಬಾಚಿಯ ಸದ್ದು ಕೇಳುತ್ತಿತ್ತು.

ಫೆಬ್ರವರಿಯಲ್ಲಿ ಪ್ರಮಾಣಪತ್ರ ಬಂತು. ನಲವತ್ತಮೂರು ಅಂಕ, ಎಲ್ಲಕ್ಕಿಂತ ಕೆಳಗಿನ ದರ್ಜೆ. ಬುಲ್ಡೋಜರ್ ಬರಲಿಲ್ಲ. ಕಟ್ಟಿದವರು ಅನ್ನುವ ಕಡೆ ‘ಮಹಲ್ಲಾ ಸಮಿತಿ’ ಅಂತಿದೆ. ಮಮಸೋಲಿ ಬರೆದುಕೊಟ್ಟ ಆ ಹಾಳೆ ಮಾತ್ರ, ಉಸ್ತಾರ ಹೆಸರಿದ್ದ ಒಂದೇ ಒಂದು ಹಾಳೆ, ತಾಷ್ಕೆಂಟಿನ ಕಡತದಲ್ಲೇ ಉಳಿಯಿತು. ಕೇಳಿದರೆ ಕೊಡುವುದಿಲ್ಲ ಅನ್ನುತ್ತಾರೆ. ಎರಡು ಸಲ ಹೋಗಿ ಬಂದೆ. ಮೂರನೆಯ ಸಲ ಕಾವಲಿನವನು ನನ್ನನ್ನು ದೂರದಿಂದಲೇ ಗುರುತು ಹಿಡಿದ.

ಪತ್ರದ ಜೊತೆ ಒಂದು ಉಕ್ಕಿನ ಫಲಕವೂ ಬಂತು, ಹಸಿರು ಎಲೆಯ ಚಿತ್ರ ಇದೆ. ಕಟ್ಟಡದ ಗೋಡೆಗೆ ನಾಲ್ಕು ತಿರುಪಿನಿಂದ ಬಿಗಿಯಬೇಕು, ಇಲ್ಲದಿದ್ದರೆ ಪತ್ರ ನಡೆಯುವುದಿಲ್ಲ ಅಂತ ಅದಕ್ಕೂ ಒಂದು ನಿಯಮ. ಮಣ್ಣಿನ ಗೋಡೆಯಲ್ಲಿ ತಿರುಪು ನಿಲ್ಲುವುದಿಲ್ಲ. ಕಂಬಕ್ಕೆ ಹಾಕೋಣ ಅಂದೆ.

‘ನನ್ನ ಮಗಳ ಮರಕ್ಕೆ ತೂತು ಕೊರೀತೀಯಾ?’ ಅಂದರು ಉಸ್ತಾ.

ಮಮಸೋಲಿ ಮುಂದೆ ಬಂದ. ಮುಖದಲ್ಲಿ ಹಳೆಯ ನಗು ವಾಪಸ್ ಬಂದಿತ್ತು. ‘ಫಲಕದಷ್ಟ್ ಅಗಲ ಒಂದು ತೇಪೆ, ಸ್ವಲ್ಪವೇ ಸ್ವಲ್ಪ ಸಿಮೆಂಟ್ ಹಾಕಿದ್ರೆ…’

ಅವನ ಮಾತು ಮುಗಿಯಲಿಲ್ಲ. ಉಸ್ತಾ ಅಂಗಳವನ್ನೆಲ್ಲ ಒಮ್ಮೆ ನೋಡಿದರು. ಆ ಜಾಗದಲ್ಲಿ ಸುಟ್ಟ ಇಟ್ಟಿಗೆಯಲ್ಲಿ ಕಟ್ಟಿದ್ದು ಒಂದೇ ಒಂದು, ಮಕ್ಕಳ ಕಕ್ಕಸು. ಆರೋಗ್ಯ ಇಲಾಖೆಯವರು ಹಟ ಹಿಡಿದು ಕಟ್ಟಿಸಿದ್ದು.

‘ಅಲ್ಲಿ ತಿರುಪು ನಿಲ್ಲುತ್ತೆ,’ ಅಂದರು.

ನಾನೇ ಬಿಗಿದೆ, ನಾಲ್ಕನ್ನೂ. ಪಟ್ಟಣದಿಂದ ಅಧಿಕಾರಿಗಳು ನೋಡಲು ಬಂದರೆ ಈಗಲೂ ಅಲ್ಲಿ ನಿಂತೇ ಫೋಟೊ ತೆಗೆಸಿಕೊಳ್ಳಬೇಕು. ಮಮಸೋಲಿ ನಡುವೆ ನಿಲ್ಲುತ್ತಾನೆ. ಆ ಹೊತ್ತಿಗೆ ಉಸ್ತಾ ಸಾಮಾನ್ಯವಾಗಿ ಉತ್ತರದ ಗೋಡೆಯ ಹತ್ತಿರ ಇರುತ್ತಾರೆ. ನನ್ನ ಸಿಮೆಂಟು ಪೂರ್ತಿ ಕೀಳಲಾಗದೆ ಉಳಿದ ಜಾಗದಲ್ಲಿ ಒಂದು ಕಂಬ ಒದ್ದೆ ಹೀರಿ ಮೆತ್ತಗಾಗತೊಡಗಿದೆ, ಅದನ್ನು ಬದಲಿಸಬೇಕು. ಪೋಪ್ಲರ್ ಉಳಿದಿಲ್ಲ. ಹೋದ ವಾರ ಅವರು ಕಾಲುವೆ ದಂಡೆಯಲ್ಲಿ ಮತ್ತೆ ಸಸಿಗೆ ಗುಂಡಿ ತೋಡಿಸಿದರು. ನಲವತ್ತಮೂರು. ಯಾವ ಗುಂಡಿ ಯಾವ ಮಗುವಿನದು ಅಂತ ಅಂಜಿರತ್ ಒಂದೊಂದಕ್ಕೂ ಹೆಸರು ಬರೆದಿಟ್ಟಿದ್ದಾಳೆ. ಮಮಸೋಲಿಯ ಮೊಮ್ಮಗಳದೂ ಇದೆ.